ಸೋಮವಾರದ ಪ್ಯಾಂಟು

ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ನನ್ನ ಪಕ್ಕ ಬಂದು ನಿಲ್ಲುವ ಸವಾರನಿಗೊಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಾ,

ನಿನ್ನ ಹೆಸರು ಗೊತ್ತಿಲ್ಲ. ಬೆಳಿಗ್ಗೆ ಎಂಟೂವರೆ ಹೊತ್ತಿಗೆ, ವಾರದಲ್ಲಿ ಎರಡು ಮೂರು ಸಲವಾದರೂ ನನ್ನ ಎಡಕ್ಕೆ ಬಂದು ನಿಲ್ಲುತ್ತೀಯ. ಕಣ್ಣಿಗೆ ಕಣ್ಣು ಸಿಕ್ಕರೆ ತಲೆ ಆಡಿಸುತ್ತೀಯ. ಹಸಿರು ಬಿದ್ದ ಮೇಲೆ ನೀನು ಮುಂದೆ, ನಾನು ಹಿಂದೆ. ನಾನು ಹೇಳಬೇಕಾದದ್ದು ಹೆಲ್ಮೆಟ್ಟಿನೊಳಗಿಂದ ಕೂಗಿ ಹೇಳುವ ಮಾತಲ್ಲ, ಅದಕ್ಕೇ ಪತ್ರ. ನಿನ್ನ ಹಾಗೇ ಉಡುಪು ತೊಟ್ಟವರು ಅದೇ ಸಿಗ್ನಲ್ಲಿನಲ್ಲಿ ದಿನಕ್ಕೆ ನೂರಾರು ಜನ ನಿಲ್ಲುತ್ತಾರಲ್ಲ, ಅವರೂ ಓದಲಿ ಎಂದು ಎಲ್ಲರೆದುರೇ ಬರೆಯುತ್ತಿದ್ದೇನೆ.

ನಿನ್ನ ಬೈಕನ್ನು ನಾನು ಚೆನ್ನಾಗಿ ನೋಡಿದ್ದೇನೆ. ಮುಂದೆ ದಪ್ಪ ಕ್ರ್ಯಾಶ್ ಗಾರ್ಡು. ಹ್ಯಾಂಡಲ್ಲಿಗೆ ಹ್ಯಾಂಡ್ ಗಾರ್ಡು. ಸೈಲೆನ್ಸರಿಗೊಂದು ಗಾರ್ಡು, ರೇಡಿಯೇಟರಿಗೆ ಜಾಲರಿ, ಟ್ಯಾಂಕಿಗೆ ಗೀರು ಬೀಳದ ಹಾಗೆ ಸ್ಟಿಕ್ಕರು. ಮೊಬೈಲ್ ಹೋಲ್ಡರಿಗೆ ಕಂಪನ ತಡೆಯುವ ರಬ್ಬರು. ತಲೆಗೆ ಒಳ್ಳೆಯ ಹೆಲ್ಮೆಟ್ಟು, ಪಟ್ಟಿಯನ್ನೂ ಬಿಗಿಯಾಗಿ ಹಾಕುತ್ತೀಯ. ಅದಕ್ಕಾಗಿ ನಿನ್ನ ಮೇಲೆ ನನಗೆ ಗೌರವವಿದೆ. ಮೈಗೆ ಪ್ಯಾಡ್ ಇರುವ ಜಾಕೆಟ್ಟು. ಸೊಂಟದಿಂದ ಕೆಳಗೆ ಮಾತ್ರ ಆಫೀಸಿನ ತೆಳು ಪ್ಯಾಂಟು. ಶನಿವಾರವಾದರೆ ಟ್ರ್ಯಾಕ್ ಪ್ಯಾಂಟು. ಒಂದು ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ದಾರಿಯ ಟೀ ಅಂಗಡಿ ಮುಂದೆ ನಿನ್ನನ್ನೇ ಕಂಡೆ. ಅವತ್ತು ಮಾತ್ರ ಕಾಲಿಗೆ ಮಂಡಿ ಉಬ್ಬಿದ ಪೂರ್ತಿ ರೈಡಿಂಗ್ ಪ್ಯಾಂಟು ಇತ್ತು. ಅಂದರೆ ನಿನ್ನ ಹತ್ತಿರ ಪ್ಯಾಂಟು ಇದೆ, ಸೋಮವಾರಕ್ಕೆ ಅದು ಬೀರು ಸೇರುತ್ತದೆ ಅಷ್ಟೆ. ಈ ಪತ್ರವೆಲ್ಲ ಆ ಬೀರುವಿನ ಬಗ್ಗೆಯೇ.

ನಮ್ಮ ಕಾನೂನೂ ಕಾಲಿನ ಚಿಂತೆ ಮಾಡಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಹಾಕು ಎನ್ನುತ್ತದೆ. ಹೆಲ್ಮೆಟ್ಟಿಗೆ ಐಎಸ್ 4151 ಎಂಬ ಮಾನಕ ಇದೆ, ಐಎಸ್‌ಐ ಗುರುತು ಕಡ್ಡಾಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಒಂದಿದೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧ ಭಾಗಕ್ಕಾದರೂ ತಡೆ ಇರಬೇಕು ಎಂದು ಅದು ಹೇಳುತ್ತದೆ. ನಾವು ಸೀರೆ ಗಾರ್ಡ್ ಅನ್ನುವುದು ಅದನ್ನೇ. ಎಷ್ಟೋ ಜೀವ ಉಳಿಸಿದ ನಿಯಮ ಅದು. ಆದರೆ ಸವಾರನ ಮಂಡಿಗೆ, ತೊಡೆಗೆ ಏನು ಹಾಕಬೇಕೆಂದು ಹೇಳುವ ನಿಯಮ ಇಲ್ಲ. ಹಾಗಾಗಿ ಅದನ್ನು ನಾವೇ ನೋಡಿಕೊಳ್ಳಬೇಕು.

ನಾನು ಬಿದ್ದದ್ದು ಕೆಂಗೇರಿ ಆಚೆ, ಒಂದು ಎಡ ತಿರುವಿನಲ್ಲಿ. ಹಿಂದಿನ ರಾತ್ರಿ ಯಾವುದೋ ಲಾರಿಯಿಂದ ಎಂ-ಸ್ಯಾಂಡ್ ಚೆಲ್ಲಿತ್ತು. ಮುಂದಿನ ಚಕ್ರ ಜಾರಿತು. ಮೀಟರು ಮೂವತ್ತೈದು ತೋರಿಸುತ್ತಿತ್ತು, ಅದಕ್ಕಿಂತ ಹೆಚ್ಚಿರಲಿಲ್ಲ. ಹೆಲ್ಮೆಟ್ಟಿಗೆ ಒಂದು ಗೀರೂ ಇಲ್ಲ, ಜಾಕೆಟ್ಟಿನ ಮೊಣಕೈ ಸ್ವಲ್ಪ ಸವೆದಿತ್ತು. ಕಾಲಿಗೆ ಜೀನ್ಸಿತ್ತು, ಬಾಳಿಕೆಗೆ ಇದಕ್ಕಿಂತ ಬೇರೆ ಬಟ್ಟೆ ಇಲ್ಲ ಎಂದು ನಾನು ನಂಬಿಕೊಂಡು ಬಂದಿದ್ದ ದಪ್ಪ ಜೀನ್ಸು. ಅದು ಎಡಗಡೆ ಸೊಂಟದ ಮೂಳೆಯ ಹತ್ತಿರ ಅಂಗೈ ಅಗಲ, ಮಂಡಿಯ ಹತ್ತಿರ ಇನ್ನೂ ಅಗಲ ಹರಿದಿತ್ತು. ಹರಿದ ಜಾಗದಲ್ಲಿ ಚರ್ಮ ಇರಲಿಲ್ಲ.

ಬಿದ್ದ ಕ್ಷಣದಲ್ಲಿ ನೋವೇ ಗೊತ್ತಾಗಲಿಲ್ಲ. ನೋವು ಶುರುವಾದದ್ದು ಆಸ್ಪತ್ರೆಯಲ್ಲಿ. ಸಿಸ್ಟರ್ ಒಬ್ಬರು ಸಲೈನ್ ಸುರಿದು, ಇಕ್ಕಳದಿಂದ ಒಂದೊಂದೇ ಮರಳಿನ ಕಾಳು, ಟಾರಿನ ಚೂರು ಕೀಳತೊಡಗಿದರು. ಜೀನ್ಸಿನ ನೀಲಿ ನೂಲಿನ ಎಳೆಗಳೂ ಮಾಂಸದೊಳಗೆ ಹೋಗಿದ್ದವು. ಅವನ್ನು ಎಳೆಯುವಾಗ ನಾನು ಮಂಚದ ಕಂಬಿ ಹಿಡಿದು ಅತ್ತೆ. ಒಂದು ಕಾಳೂ ಒಳಗೆ ಉಳಿಯಬಾರದು, ಉಳಿದರೆ ಕೀವಾಗುತ್ತದೆ, ವಾಸಿಯಾದರೂ ಚರ್ಮದ ಕೆಳಗೆ ಕಪ್ಪು ಕಲೆಯಾಗಿ ನಿಲ್ಲುತ್ತದೆ ಎಂದು ಅವರು ಹೇಳುತ್ತಲೇ ಇದ್ದರು. ಅದಾದ ಮೇಲೆ ಮೂರು ವಾರ ಡ್ರೆಸಿಂಗು. ಒಣಗಿ ಅಂಟಿದ ಹತ್ತಿಬಟ್ಟೆಯನ್ನು ಪ್ರತಿಸಲ ನೆನೆಸಿ ಬಿಡಿಸಬೇಕು. ಮಂಡಿಯ ಮೇಲೆ ಬೆಳೆದ ಹೊಸ ಚರ್ಮ ಕಾಲು ಮಡಚಿದಾಗೆಲ್ಲ ಸೀಳುತ್ತಿತ್ತು. ಮೂಳೆ ಮುರಿದಿರಲಿಲ್ಲ, ಆದ್ದರಿಂದ ಎಲ್ಲರೂ "ಬಚಾವಾದೆ, ಬರೀ ತರಚು ಗಾಯ" ಅಂದರು. ಆ "ಬರೀ" ಎಂಬ ಮಾತನ್ನು ನಾನು ಅವತ್ತಿಗೆ ಬಿಟ್ಟೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೂವತ್ತೈದರ ವೇಗ ಅಂದರೆ ಸೆಕೆಂಡಿಗೆ ಹತ್ತು ಮೀಟರಿಗೆ ಸ್ವಲ್ಪ ಕಮ್ಮಿ. ಬಟ್ಟೆ ತೊಟ್ಟ ಮೈ ಟಾರು ರಸ್ತೆಯ ಮೇಲೆ ಜಾರಿ ನಿಲ್ಲಲು ಆ ವೇಗದಲ್ಲಿ ಸುಮಾರು ಒಂದೂವರೆ ಸೆಕೆಂಡು ಬೇಕು, ಏಳೆಂಟು ಮೀಟರು. ಒಂದು ಸಿಟಿ ಬಸ್ಸಿನ ಉದ್ದವೂ ಆಗುವುದಿಲ್ಲ. ಸವೆತದ ಪರೀಕ್ಷೆಗಳಲ್ಲಿ ಮಾಮೂಲಿ ಹತ್ತಿ ಡೆನಿಮ್ಮಿಗೆ ಒಂದು ಸೆಕೆಂಡಿನ ಆಸುಪಾಸಿನಲ್ಲೇ ತೂತು ಬೀಳುತ್ತದೆ. ಉಳಿದ ಅರ್ಧ ಸೆಕೆಂಡನ್ನು ನನ್ನ ಚರ್ಮ ತುಂಬಿಕೊಟ್ಟಿತ್ತು. ವೇಗ ಇಮ್ಮಡಿಯಾದರೆ ಜಾರುವ ದೂರ ನಾಲ್ಕು ಪಟ್ಟಾಗುತ್ತದೆ. ಮೈಸೂರು ರಸ್ತೆಯಲ್ಲಿ ಬೆಳಗಿನ ಹೊತ್ತು ನೀನು ಅರವತ್ತರಲ್ಲಿ ಹೋಗುವುದನ್ನು ನಾನು ಹಿಂದಿನಿಂದ ನೋಡಿದ್ದೇನೆ.

ನಿನ್ನ ಶನಿವಾರದ ಟ್ರ್ಯಾಕ್ ಪ್ಯಾಂಟಿನ ಗತಿ ಇನ್ನೂ ಕಷ್ಟ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಗೆ ಕರಗುತ್ತದೆ. ರಸ್ತೆಗೆ ಉಜ್ಜಿದ ಬಿಸಿಗೆ ತೆಳು ಪಾಲಿಯೆಸ್ಟರ್ ಹರಿಯುವುದರ ಜೊತೆಗೆ ಕರಗಿ ಗಾಯಕ್ಕೇ ಅಂಟಿಕೊಳ್ಳಬಹುದು. ಇನ್ನೇನೂ ಮಾಡದಿದ್ದರೂ ನಾಳೆಯಿಂದ ಅದನ್ನು ತೊಟ್ಟು ಬೈಕು ಹತ್ತಬೇಡ.

ಈಗ ಪ್ಯಾಂಟಿನ ವಿಷಯಕ್ಕೆ ಬರುತ್ತೇನೆ. ನನ್ನ ಅಮ್ಮ ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಹೊಲಿಗೆ ಮಷೀನು ತುಳಿದವಳು. ಸಂತೆಯಲ್ಲಿ ಯಾವ ಬಟ್ಟೆ ಕೈಗೆತ್ತಿಕೊಂಡರೂ ಮೊದಲು ಒಳಗು ಹೊರಗು ಮಾಡುತ್ತಿದ್ದಳು. "ಹೊರಗಡೆ ಎಲ್ಲಾನೂ ಚಂದವೇ ಕಣೋ, ತಿರುವಿ ನೋಡು" ಅನ್ನುತ್ತಿದ್ದಳು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಮೊದಲ ರೈಡಿಂಗ್ ಪ್ಯಾಂಟು ಕೈಗೆ ಬಂದಾಗ ನಾನೂ ಅದನ್ನೇ ಮಾಡಿದೆ. ನೀನೂ ಮಾಡು. ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ.

ತಿರುವಿದ ತಕ್ಷಣ ಒಂದು ಚೀಟಿ ಕಾಣಬೇಕು. ಅದರಲ್ಲಿ ಸಿಇ ಗುರುತು, ಇಎನ್ 17092 ಎಂಬ ಸಂಖ್ಯೆ, ಪಕ್ಕದಲ್ಲಿ ದರ್ಜೆ ಇರಬೇಕು. ಇದು ಬೈಕ್ ಸವಾರರ ಉಡುಪಿಗೆ 2020ರಲ್ಲಿ ಬಂದ ಯುರೋಪಿನ ಮಾನಕ. ನಮ್ಮ ದೇಶದ ಒಳ್ಳೆಯ ತಯಾರಕರೂ ಇದನ್ನೇ ಹಿಡಿದಿದ್ದಾರೆ. ಡಾರ್ಮ್‌ಸ್ಟಾಟ್ ಎಂಬ ಹೆಸರಿನ ಯಂತ್ರದಲ್ಲಿ ಬಟ್ಟೆಯ ತುಂಡನ್ನು ಗಿರಗಿರನೆ ತಿರುಗಿಸಿ ಕಾಂಕ್ರೀಟ್ ಹಾಸಿನ ಮೇಲೆ ಬಿಡುತ್ತಾರೆ. ಅದು ತಿರುಗುವುದು ನಿಲ್ಲುವವರೆಗೆ ತೂತು ಬೀಳಬಾರದು. ಹೆಚ್ಚು ಪೆಟ್ಟು ತಿನ್ನುವ ಜಾಗಗಳ ಬಟ್ಟೆಗೆ ಎ ದರ್ಜೆಯಲ್ಲಿ ಗಂಟೆಗೆ 45 ಕಿ.ಮೀ. ವೇಗದ ಪರೀಕ್ಷೆ, ಎಎ ದರ್ಜೆಯಲ್ಲಿ 70, ಎಎಎ ದರ್ಜೆಯಲ್ಲಿ 120. ಇವು ಯಂತ್ರದ ಅಂಕಿಗಳು. ಎಪ್ಪತ್ತರಲ್ಲಿ ಬಿದ್ದರೂ ಏನೂ ಆಗದು ಎಂದು ಇದರ ಅರ್ಥವಲ್ಲ. ಬಿ ಎಂದಿದ್ದರೆ ಎ ದರ್ಜೆಯ ಬಟ್ಟೆಯೇ, ಪ್ಯಾಡು ಮಾತ್ರ ಇಲ್ಲ. ಸಿ ಎಂದಿದ್ದರೆ ಪ್ಯಾಡು ಹಿಡಿದಿಡುವ ಉಡುಪು ಅಷ್ಟೇ, ಸವೆತಕ್ಕೆ ಅದನ್ನು ನಂಬುವ ಹಾಗಿಲ್ಲ, ಇನ್ನೊಂದು ಉಡುಪಿನ ಜೊತೆ ತೊಡಬೇಕು. ಚೀಟಿಯೇ ಇಲ್ಲದ, ಬರೀ "ಸೇಫ್ಟಿ ಪ್ಯಾಂಟ್" ಎಂದು ಅಚ್ಚು ಹಾಕಿದ ಮಾಲು ಅದೇ ರಸ್ತೆಯಲ್ಲಿ ಬೇಕಾದಷ್ಟು ತೂಗಾಡುತ್ತದೆ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡ.

ಚೀಟಿ ನೋಡಿದ ಮೇಲೆ ಹೊಲಿಗೆಗೆ ಬಾ. ಬಟ್ಟೆ ಗಟ್ಟಿಯಿದ್ದೂ ಹೊಲಿಗೆ ಬಿಚ್ಚಿದರೆ ಮುಗಿಯಿತು, ಪ್ಯಾಂಟು ಬಾಳೆಹಣ್ಣಿನ ಸಿಪ್ಪೆಯ ಹಾಗೆ ತೆರೆದುಕೊಳ್ಳುತ್ತದೆ. ಹಿಂಭಾಗ, ತೊಡೆಯ ಹೊರಬದಿ, ಮಂಡಿ, ಈ ಮೂರು ಕಡೆ ಎರಡು ಇಲ್ಲವೇ ಮೂರು ಸಾಲು ಹೊಲಿಗೆ ಬೇಕು, ಅದರಲ್ಲಿ ಒಂದಾದರೂ ಒಳಗೆ ಮರೆಯಲ್ಲಿರಬೇಕು. ಹೊರಗೆ ಕಾಣುವ ನೂಲು ರಸ್ತೆಗೆ ತಾಗಿದ ಕೂಡಲೇ ಸವೆಯುತ್ತದೆ, ಒಳಗಿನದು ಹಿಡಿದಿಡುತ್ತದೆ. ಅಮ್ಮ ಎರಡು ಹೆಬ್ಬೆರಳನ್ನು ಹೊಲಿಗೆಯ ಎರಡು ಬದಿಗಿಟ್ಟು ಬಟ್ಟೆಯನ್ನು ಅಗಲಿಸಿ ನೋಡುತ್ತಿದ್ದಳು. ನೂಲಿನ ನಡುವೆ ಬೆಳಕು ಹಾಯ್ದರೆ ಕೆಳಗಿಡುತ್ತಿದ್ದಳು.

ರೈಡಿಂಗ್ ಜೀನ್ಸಿನಲ್ಲಿ ಇನ್ನೊಂದು ಮೋಸ ಒಳಮಗ್ಗುಲಲ್ಲೇ ಇರುತ್ತದೆ. ಹೊರಗೆ ಡೆನಿಮ್, ಒಳಗೆ ಹಳದಿ ಬಣ್ಣದ ಕೆವ್ಲರ್ ಪದರ. 1965ರಲ್ಲಿ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದ ನಾರು ಅದು. ಬಿಸಿಗೆ ಕರಗುವುದಿಲ್ಲ, ಅದೇ ಅದರ ದೊಡ್ಡ ಗುಣ. ಆದರೆ ಆ ಪದರ ಎಲ್ಲಿಂದ ಎಲ್ಲಿಯವರೆಗೆ ಇದೆ? ಕೆಲವು ಪ್ಯಾಂಟುಗಳಲ್ಲಿ ಮಂಡಿಗೊಂದು, ಹಿಂದಕ್ಕೊಂದು ತೇಪೆ ಇರುತ್ತದೆ ಅಷ್ಟೆ. ನನಗೆ ಚರ್ಮ ಹೋದದ್ದು ಸೊಂಟದ ಪಕ್ಕದಲ್ಲಿ. ಕೈ ಒಳಗೆ ಹಾಕಿ ಸೊಂಟದ ಬದಿಯಿಂದ ಮಂಡಿಯ ಕೆಳಗಿನವರೆಗೆ ಸವರುತ್ತಾ ಹೋಗು, ಪದರ ಎಲ್ಲಿ ನಿಲ್ಲುತ್ತದೆಂದು ಬೆರಳಿಗೇ ತಿಳಿಯುತ್ತದೆ. ಮನೆಗೆ ತಂದ ಮೇಲೂ ಒಂದು ಎಚ್ಚರ: ಕೆವ್ಲರ್ರಿಗೆ ಬಿಸಿಲೂ ಆಗದು, ಬ್ಲೀಚೂ ಆಗದು. ಒಳಗು ಹೊರಗು ಮಾಡಿ ಬಿಸಿಲಿಗೆ ಹರವಬೇಡ, ನೆರಳಿನಲ್ಲಿ ಒಣಗಿಸು.

ಇನ್ನು ಪ್ಯಾಡು. ಬಟ್ಟೆ ನೋಡಿಕೊಳ್ಳುವುದು ಜಾರುವಿಕೆಯನ್ನು, ಪ್ಯಾಡು ನೋಡಿಕೊಳ್ಳುವುದು ಮೊದಲ ಪೆಟ್ಟನ್ನು. ನಿಂತ ಬೈಕಿನಿಂದ ಬಿದ್ದರೂ ಓಡುವ ಬೈಕಿನಿಂದ ಬಿದ್ದರೂ ಸೀಟಿನ ಎತ್ತರ ಒಂದೇ ಅಲ್ಲವೇ? ಸುಮಾರು 80 ಸೆಂ.ಮೀ. ಅಷ್ಟರಿಂದ ಸೊಂಟದ ಮೂಳೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 14 ಕಿ.ಮೀ. ಇರುತ್ತದೆ, ಮುಂದಕ್ಕೆ ನೀನು ಹತ್ತರಲ್ಲಿ ಹೋಗುತ್ತಿರು, ಅರವತ್ತರಲ್ಲಿ ಹೋಗುತ್ತಿರು. "ಟ್ರಾಫಿಕ್ಕಿನಲ್ಲಿ ವೇಗವೇ ಇರಲ್ಲ ಸಾರ್, ಪ್ಯಾಡು ಯಾಕೆ" ಎಂದು ಆಫೀಸಿನಲ್ಲಿ ಒಬ್ಬ ಕೇಳಿದಾಗ ನಾನು ಕೊಟ್ಟ ಉತ್ತರ ಇದೇ.

ಪ್ಯಾಡಿನ ಮಾನಕ ಬೇರೆ, ಇಎನ್ 1621-1. ಐದು ಕಿಲೋ ತೂಕವನ್ನು ಹೆಚ್ಚುಕಡಿಮೆ ಒಂದು ಮೀಟರ್ ಮೇಲಿಂದ ಪ್ಯಾಡಿನ ಮೇಲೆ ಬೀಳಿಸಿ, ಅಡಿಗೆ ಎಷ್ಟು ಬಲ ದಾಟಿತು ಎಂದು ಅಳೆಯುತ್ತಾರೆ. ಐದು ಕಿಲೋ ಅಕ್ಕಿ ಚೀಲ ಅಟ್ಟದಿಂದ ಮಂಡಿ ಮೇಲೆ ಬಿದ್ದ ಹಾಗೆ ಎಂದುಕೋ. ಲೆವೆಲ್ 1 ಪ್ಯಾಡಿನಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2ರಲ್ಲಿ 20 ಮೀರಬಾರದು. ದಪ್ಪದಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲದಿದ್ದರೆ ಲೆವೆಲ್ 2 ತಗೋ. ಪ್ಯಾಡಿನ ಮೇಲೇ ಕೆ ಎಂದಿದ್ದರೆ ಮಂಡಿಗೆ, ಎಚ್ ಎಂದಿದ್ದರೆ ಸೊಂಟಕ್ಕೆ. ಟಿ+ ಗುರುತಿದ್ದರೆ 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆ ಪಾಸಾಗಿದೆ ಎಂದರ್ಥ. ಕಲಬುರಗಿ, ರಾಯಚೂರು ಕಡೆಯವರು ಈ ಗುರುತನ್ನು ಹುಡುಕಲೇಬೇಕು. ಡಿ3ಒ ಥರದ ಪ್ಯಾಡುಗಳು ಕೈಯಲ್ಲಿ ಹಿಟ್ಟಿನ ಮುದ್ದೆಯಂತೆ ಬಾಗುತ್ತವೆ, ಪೆಟ್ಟು ಬಿದ್ದ ಕ್ಷಣ ಬಿಗಿಯುತ್ತವೆ. ದಿನವಿಡೀ ತೊಡುವವರಿಗೆ ಮೃದುವಾದ ಪ್ಯಾಡೇ ವಾಸಿ. ಅಂಗಡಿಯಲ್ಲಿ ಎಷ್ಟೋ ಪ್ಯಾಂಟುಗಳಿಗೆ ಸೊಂಟದ ಜೇಬು ಇರುತ್ತದೆ, ಒಳಗೆ ಪ್ಯಾಡು ಇರುವುದಿಲ್ಲ, ಬೇರೆ ಕೊಳ್ಳಬೇಕು. ಕೆಲವರು ಅಲ್ಲಿ ತೆಳು ಸ್ಪಂಜು ಇಟ್ಟಿರುತ್ತಾರೆ, ಒತ್ತಿ ನೋಡಿದರೆ ಬೆರಳು ಬೆರಳಿಗೆ ತಾಗುತ್ತದೆ. ಅದು ಪ್ಯಾಡಲ್ಲ. ನಾನು ಜೇಬಿನ ಅಳತೆ ನೋಡದೆ ಒಂದು ಜೊತೆ ತಂದೆ. ದೊಡ್ಡದಾಯಿತು, ಇನ್ನೊಂದು ಜೊತೆ ತರಬೇಕಾಯಿತು.

ಪ್ಯಾಂಟನ್ನು ನಿಂತುಕೊಂಡು ತೊಟ್ಟು ನೋಡಿ ಕೊಳ್ಳಬೇಡ, ಬೈಕಿನ ಮೇಲೆ ಕೂತು ನೋಡು. ಅಂಗಡಿ ಮುಂದೆ ನಿನ್ನ ಬೈಕೇ ನಿಂತಿರುತ್ತದಲ್ಲ. ನಿಂತಾಗ ಮಂಡಿಚಿಪ್ಪಿನ ಮೇಲಿದ್ದ ಪ್ಯಾಡು ಕೂತಾಗ ತೊಡೆಗೆ ಏರಿರುತ್ತದೆ. ಕೂತಾಗ ಮಂಡಿಯನ್ನೂ ಅದರ ಕೆಳಗೆ ಕಣಕಾಲಿನ ಮೇಲ್ಭಾಗವನ್ನೂ ಅದು ಮುಚ್ಚಬೇಕು. ಒಳಗೆ ವೆಲ್ಕ್ರೋ ಇದ್ದರೆ ಏರಿಸಿ ಇಳಿಸಿ ಸರಿಮಾಡಬಹುದು. ಆಮೇಲೆ ಪ್ಯಾಡನ್ನು ಅಂಗೈಯಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸು. ಸುಲಭವಾಗಿ ಕಾಲಿನ ಬದಿಗೆ ಸರಿದರೆ ಬಿದ್ದಾಗಲೂ ಸರಿಯುತ್ತದೆ, ಒಂದು ಅಳತೆ ಚಿಕ್ಕದು ನೋಡು. ಕೂತಾಗ ಕಾಲಿನ ಅಂಚು ಎಷ್ಟು ಮೇಲೇರಿತು ಎಂಬುದನ್ನೂ ನೋಡು. ಹರಡಿನ ಮೂಳೆ ಬರಿದಾಗಿ ಕಂಡರೆ ಉದ್ದ ಸಾಲದು.

ಈ ಪ್ಯಾಂಟುಗಳಿಂದ ನಿಜವಾಗಿ ಏನು ಪ್ರಯೋಜನ ಎಂದು ನೀನು ಕೇಳಬೇಕು. ಆಸ್ಟ್ರೇಲಿಯಾದಲ್ಲಿ ಲಿಜ್ ಡಿ ರೋಮ್ ಮತ್ತು ಜೊತೆಗಾರರು ಅಪಘಾತಕ್ಕೀಡಾದ 212 ಸವಾರರನ್ನು ಮಾತಾಡಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ರೈಡಿಂಗ್ ಪ್ಯಾಂಟು ತೊಟ್ಟವರು ಆಸ್ಪತ್ರೆಗೆ ದಾಖಲಾಗುವ ಸಂಭವ ತೊಡದವರಿಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಜಾಕೆಟ್ಟಿನಿಂದ ಸಿಕ್ಕ ಲಾಭ ಸುಮಾರು ಐದನೇ ಒಂದು ಪಾಲು. ನೀನು ಜಾಕೆಟ್ಟಿಗೆ ಕೊಟ್ಟ ಮರ್ಯಾದೆಯನ್ನು ಪ್ಯಾಂಟಿಗೂ ಕೊಡು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಅದೇ ಅಧ್ಯಯನ ಇನ್ನೆರಡು ಮಾತನ್ನೂ ಹೇಳಿತು, ಮುಚ್ಚಿಡಬಾರದು. ಪ್ಯಾಡು ಮೂಳೆ ಮುರಿತವನ್ನು ತಡೆಯುತ್ತದೆಂಬುದು ಅಲ್ಲಿ ಸಾಬೀತಾಗಲಿಲ್ಲ. ಮತ್ತು ಅಪಘಾತದಲ್ಲಿ ನೂರಕ್ಕೆ 28ರಷ್ಟು ಪ್ಯಾಂಟುಗಳು ಹರಿದೋ ಬಿಚ್ಚಿಯೋ ಕೈಕೊಟ್ಟಿದ್ದವು. ಅದಕ್ಕೇ ಚೀಟಿ ನೋಡು, ತಿರುವಿ ನೋಡು ಎಂದು ಇಷ್ಟು ಹೇಳುತ್ತಿರುವುದು.

ಎಎಎ ಬೇಕಾ, ಎಎ ಸಾಕಾ? ರೇಸಿಗೆ ಹೋಗುವವರಿಗೆ ಚರ್ಮದ ಸೂಟು ಇದೆ, ಅದು ನಮ್ಮ ಮಾತಲ್ಲ. ನೀನು ಭಾನುವಾರ ತೊಡುವ ದಪ್ಪ ಪ್ಯಾಂಟು ಒಳ್ಳೆಯದೇ ಇರಬಹುದು, ಆದರೆ ಬೀರುವಿನಲ್ಲಿರುವ ಎಎಎಗಿಂತ ಕಾಲಿನ ಮೇಲಿರುವ ಎ ದೊಡ್ಡದು. ಏಪ್ರಿಲ್‌ನ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ಎಂಜಿನ್ನಿನ ಬಿಸಿ ಕಾಲಿಗೆ ಹೊಡೆಯುವಾಗ ತೊಟ್ಟಿರಲು ಆಗದ ಪ್ಯಾಂಟು ಎಷ್ಟು ಗಟ್ಟಿಯಿದ್ದರೇನು? ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸರ್ಕಾರಗಳ ಬೆಂಬಲದಲ್ಲಿ 2018ರಿಂದ ನಡೆಯುತ್ತಿರುವ ಮೋಟೋಕ್ಯಾಪ್ ಪರೀಕ್ಷೆಯಲ್ಲಿ ರಕ್ಷಣೆಗೆ ಒಂದು ಅಂಕ, ಬಿಸಿಲಲ್ಲಿ ತೊಡಬಹುದೇ ಎಂಬುದಕ್ಕೆ ಬೇರೆಯೇ ಅಂಕ ಕೊಡುತ್ತಾರೆ. ಸೆಖೆಯ ಊರಿನವರಿಗೆ ಆ ಎರಡನೆಯದು ಚಿಕ್ಕ ವಿಷಯವಲ್ಲ.

ಆಫೀಸಿಗೆ ಎರಡು ದಾರಿ ನನಗೆ ಕಂಡಿವೆ. ಒಂದು, ದಿನವಿಡೀ ತೊಡಬಹುದಾದ ರೈಡಿಂಗ್ ಜೀನ್ಸು. ಆಫೀಸಿಗೆ ಹೋಗಿ ಮಂಡಿ ಪ್ಯಾಡು ತೆಗೆದು ಡ್ರಾಯರಿನಲ್ಲಿಟ್ಟರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೊರಡುವಾಗ ಮತ್ತೆ ಹಾಕಿಕೊಳ್ಳುವುದನ್ನು ಮರೆಯಬಾರದು ಅಷ್ಟೆ. ಇನ್ನೊಂದು, ಇಸ್ತ್ರಿ ಪ್ಯಾಂಟಿನ ಮೇಲೆಯೇ ಹಾಕುವ ಜಾಲಿ ಬಟ್ಟೆಯ ಓವರ್ ಪ್ಯಾಂಟು. ಸೊಂಟದಿಂದ ಹರಡಿನವರೆಗೆ ಪಕ್ಕದಲ್ಲಿ ಉದ್ದ ಜಿಪ್ಪಿದ್ದರೆ ಬೂಟು ಬಿಚ್ಚದೆ ತೊಟ್ಟು ಕಳಚಬಹುದು. ನನಗೆ ಪಾರ್ಕಿಂಗಿನಲ್ಲಿ ಒಂದು ನಿಮಿಷ ಹಿಡಿಯುತ್ತದೆ. ಜಾಲಿಯಲ್ಲಿ ಗಾಳಿ ಆಡುತ್ತದೆ, ಗಟ್ಟಿತನ ಸ್ವಲ್ಪ ಕಮ್ಮಿ. ಆದ್ದರಿಂದ ಜಾಲಿ ತೊಡೆಯ ಮುಂಭಾಗಕ್ಕೆ ಇರಲಿ, ಮಂಡಿ, ಸೊಂಟದ ಬದಿ, ಹಿಂಭಾಗಕ್ಕೆ ಕಾರ್ಡುರಾ ಥರದ ಗಟ್ಟಿ ನೈಲಾನ್ ಇರಲಿ. ಮಳೆಗೆ ಒಳಗೆ ಹಾಕುವ ಲೈನರಿಗಿಂತ ಮೇಲೆ ಎಳೆದುಕೊಳ್ಳುವ ರೇನ್ ಪ್ಯಾಂಟೇ ಅನುಕೂಲ. ಬೆಂಗಳೂರಿನ ಸಂಜೆ ಮಳೆಗೆ ರಸ್ತೆ ಬದಿಯಲ್ಲಿ ನಿಂತು ಪ್ಯಾಂಟು ಬಿಚ್ಚಿ ಲೈನರ್ ಹಾಕುವುದು ಆಗದ ಮಾತು.

ದುಡ್ಡಿನ ಮಾತು. ಮುಂಬೈಯ ರೈನಾಕ್ಸ್, ನಮ್ಮ ಬೆಂಗಳೂರಿನದೇ ವಯಾಟೆರಾ, ಇಂಥವರ ಪ್ಯಾಂಟುಗಳಿಗೆ ಸಾವಿರಗಳಲ್ಲೇ ಎಣಿಸಬೇಕು, ಚಿಲ್ಲರೆ ಮಾತಲ್ಲ. ಡೆಲಿವರಿ ಹುಡುಗರಿಗೆ, ದಿನಗೂಲಿಗೆ ಹೋಗುವವರಿಗೆ ಅದು ದೊಡ್ಡ ಹೊರೆ. ಅವರಿಗೆ ಕೆಲಸ ಕೊಡುವ ಕಂಪನಿಗಳು ಟೀ ಶರ್ಟಿಗೂ ಚೀಲಕ್ಕೂ ಹೆಸರು ಅಚ್ಚು ಹಾಕಿಸುವ ಬದಲು ಮಂಡಿಗೊಂದು ಪ್ಯಾಡು ಕೊಡಿಸಬೇಕು ಎಂದು ನಾನು ನಂಬಿದ್ದೇನೆ. ಪೂರ್ತಿ ಪ್ಯಾಂಟು ಕೊಳ್ಳಲಾಗದವರು ಮಾನಕದ ಗುರುತಿರುವ ನೀ ಗಾರ್ಡನ್ನಾದರೂ ಪ್ಯಾಂಟಿನ ಮೇಲೆ ಕಟ್ಟಲಿ. ಸೊಂಟ, ತೊಡೆ ಬರಿದಾಗೇ ಉಳಿಯುತ್ತವೆ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ನಿನ್ನ ವಿಷಯ ಬೇರೆ ತಮ್ಮಾ. ಬೈಕಿಗೆ ಹಾಕಿಸಿದ ಗಾರ್ಡುಗಳ ಬಿಲ್ಲನ್ನೆಲ್ಲ ಕೂಡಿಸಿ ನೋಡು.

ನಿನ್ನ ಹಿಂದೆ ಕೆಲವು ದಿನ ಒಬ್ಬಳು ಹುಡುಗಿ ಕೂತಿರುತ್ತಾಳೆ. ತಂಗಿಯೋ, ಗೆಳತಿಯೋ. ಲೆಗ್ಗಿಂಗ್ಸು ತೊಟ್ಟಿರುತ್ತಾಳೆ. ಅದು ಟ್ರ್ಯಾಕ್ ಪ್ಯಾಂಟಿಗಿಂತಲೂ ತೆಳು. ಹೆಂಗಸರ ಅಳತೆಯ ಪ್ಯಾಂಟು ನಮ್ಮ ಅಂಗಡಿಗಳಲ್ಲಿ ಕಮ್ಮಿ, ಗಂಡಸರದ್ದು ಅವರಿಗೆ ಸೊಂಟದಲ್ಲಿ ಸಡಿಲವಾಗಿ ಮಂಡಿ ಪ್ಯಾಡು ಜಾಗ ತಪ್ಪುತ್ತದೆ. ಹುಡುಕಬೇಕು, ಆದರೆ ಸಿಗುತ್ತದೆ. ಅವಳಿಗೂ ಒಂದು ತಾ.

ಅಂಗಡಿಗೆ ವಾಪಸು ಕೊಡದೆ ಉಳಿದ ಆ ದೊಡ್ಡ ಅಳತೆಯ ಹಿಪ್ ಪ್ಯಾಡುಗಳು ನನ್ನ ಹತ್ತಿರವೇ ಇವೆ. ಲೆವೆಲ್ 2, ಒಮ್ಮೆಯೂ ಬಳಸಿಲ್ಲ. ನೀನು ನನಗಿಂತ ದಪ್ಪಗಿದ್ದೀಯ, ನಿನ್ನ ಭಾನುವಾರದ ಪ್ಯಾಂಟಿನ ಜೇಬಿಗೆ ಸರಿಯಾಗಬಹುದು. ಸೋಮವಾರದಿಂದ ಬ್ಯಾಗಿನ ಮೇಲಿನ ಜೇಬಿನಲ್ಲಿ ಇಟ್ಟುಕೊಂಡು ಬರುತ್ತೇನೆ. ನಾಯಂಡಹಳ್ಳಿಯಲ್ಲಿ ಕೆಂಪು ಬಿದ್ದರೆ ಎಷ್ಟು ಹೊತ್ತು ನಿಲ್ಲಬೇಕೆಂದು ಇಬ್ಬರಿಗೂ ಗೊತ್ತು. ಕೈ ಚಾಚು, ಕೊಡುತ್ತೇನೆ.

ಇಂತಿ,
ನಿನ್ನ ಬಲಕ್ಕೆ ನಿಲ್ಲುವ ಹಳೇ ಬೈಕಿನ ಅಣ್ಣ